ಚಳಿ ತಾಳುವ ಬಳ್ಳಿಯೂ ನಮ್ಮ ಅಕ್ಟೋಬರ್ ಮಳೆಯೂ

(ಧಾರವಾಡದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



ವೈನ್ ದ್ರಾಕ್ಷಿಯ ಬಗ್ಗೆ ಧಾರವಾಡದಲ್ಲಿ ಮಾತಾಡಲು ನಿಂತರೆ ಎರಡು ಆಕ್ಷೇಪಣೆ ಏಳುವುದು ಸಹಜ. ಇದು ಪೇಡೆಯ ಊರು, ಮಾವಿನ ಊರು. ದ್ರಾಕ್ಷಿಯೇನಿದ್ದರೂ ವಿಜಯಪುರದ ಕಡೆಯದು ಎಂಬುದು ಒಂದು. ವೈನ್ ಎಂದರೆ ಮದ್ಯ, ಅದನ್ನು ಸಭೆಯಲ್ಲಿ ಹೊಗಳುವುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ನನ್ನ ಮಾತು ಬಟ್ಟಲಿನದಲ್ಲ, ಬಳ್ಳಿಯದು. ಮೊದಲನೆಯದಕ್ಕೆ ಉತ್ತರ ಹತ್ತಿಯ ಪ್ರಸ್ತಾಪ ಬಂದಾಗ ತಾನಾಗಿ ಸಿಗುತ್ತದೆ. ನಾನು ವಿಜ್ಞಾನಿಯಲ್ಲ, ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿಕೊಂಡ ವರದಿಗಾರ. ಆದ್ದರಿಂದ ಪಾರಿಭಾಷಿಕ ಪದಗಳ ಕಾಟ ಹೆಚ್ಚು ಇರಲಾರದು.

ನಾವು ತಿನ್ನುವ ಥಾಮ್ಸನ್ ಸೀಡ್‌ಲೆಸ್, ಅದರಿಂದಾಗುವ ಮಣೂಕ, ಫ್ರಾನ್ಸಿನ ಹೆಸರಾಂತ ವೈನಿನ ಕ್ಯಾಬರ್ನೆ ದ್ರಾಕ್ಷಿ, ಇವೆಲ್ಲ ಒಂದೇ ಕುಲದವು. ಸಸ್ಯಶಾಸ್ತ್ರಜ್ಞರು ಆ ಕುಲವನ್ನು ವಿಟಿಸ್ ವಿನಿಫೆರಾ ಎನ್ನುತ್ತಾರೆ. ಪಶ್ಚಿಮ ಏಷ್ಯಾ ಮತ್ತು ಕಾಕಸಸ್ ಸೀಮೆ ಅದರ ತವರು. ಜಾರ್ಜಿಯಾ ದೇಶದಲ್ಲಿ ಸುಮಾರು 8000 ವರ್ಷ ಹಿಂದಿನ ವೈನ್ ಕೊಡಗಳ ಚೂರುಗಳು ಸಿಕ್ಕಿವೆ. ಇಷ್ಟು ಕಾಲ ಮನುಷ್ಯನ ಮುದ್ದಿನಲ್ಲಿ ಬೆಳೆದ ಈ ಬಳ್ಳಿಗೆ ರುಚಿಯೆಲ್ಲ ಬಂತು, ಗಟ್ಟಿತನ ಮಾತ್ರ ಬರಲಿಲ್ಲ. ಶೂನ್ಯಕ್ಕಿಂತ 20-25 ಡಿಗ್ರಿ ಕೆಳಗಿನ ಚಳಿಗೆ ಅದರ ಮೊಗ್ಗುಗಳು ಸಾಯುತ್ತವೆ. ಎಲೆ ನಾಲ್ಕು ದಿನ ತೊಯ್ದರೆ ಬೂಜು ಹಿಡಿಯುತ್ತದೆ.

ಉತ್ತರ ಅಮೆರಿಕದ ಕಾಡುಬಳ್ಳಿಗಳು ಇದಕ್ಕೆ ವಿರುದ್ಧ. ಅಲ್ಲಿನ ರಿಪೇರಿಯಾ ಎಂಬ ಜಾತಿ ಶೂನ್ಯಕ್ಕಿಂತ 35 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಬೂಜು ರೋಗದ ಶಿಲೀಂಧ್ರ ಹುಟ್ಟಿದ್ದೂ ಅದೇ ಖಂಡದಲ್ಲಿ. ರೋಗವೂ ಬಳ್ಳಿಯೂ ಸಾವಿರಾರು ವರ್ಷ ಜಗಳವಾಡುತ್ತ ಜೊತೆಗೇ ಬಾಳಿದ್ದರಿಂದ ಬಳ್ಳಿ ಎದುರೇಟು ಕಲಿತುಕೊಂಡಿದೆ. ಆ ಎದುರೇಟಿನ ರೀತಿ ನಮ್ಮ ಹಳ್ಳಿಯವರಿಗೆ ತಿಳಿದದ್ದೇ. ಒಂದು ಬಣವೆಗೆ ಬೆಂಕಿ ಬಿದ್ದರೆ ಊರವರು ಪಕ್ಕದ ಬಣವೆಯನ್ನು ಕಿತ್ತು ದೂರ ಎಸೆಯುತ್ತಾರಲ್ಲ? ಹಾಗೆಯೇ ಶಿಲೀಂಧ್ರ ಎಲೆಯೊಳಗೆ ಕಾಲಿಟ್ಟ ಕೂಡಲೇ ಸುತ್ತಲಿನ ಜೀವಕೋಶಗಳು ತಾವಾಗಿ ಸಾಯುತ್ತವೆ. ಶಿಲೀಂಧ್ರ ಬದುಕಲು ಹಸಿ ಕೋಶ ಬೇಕು. ಅದು ಸಿಗದೆ ಅಲ್ಲೇ ಒಣಗುತ್ತದೆ. ಎಲೆಯ ಮೇಲೆ ಒಂದು ಕಂದು ಚುಕ್ಕೆ ಉಳಿಯುತ್ತದೆ, ಅಷ್ಟೇ.

ಹಾಗಾದರೆ ಆ ಕಾಡುಬಳ್ಳಿಯನ್ನೇ ಬೆಳೆಯಬಹುದಲ್ಲ? ತೊಡಕಿರುವುದು ರುಚಿಯಲ್ಲಿ. ಕೆಲವು ಕಾಡುಬಳ್ಳಿಗಳ ಹಣ್ಣು ವಿಪರೀತ ಹುಳಿ. ಲಬ್ರುಸ್ಕಾ ಎಂಬ ಜಾತಿಯ ಹಣ್ಣಿಗೆ ಒಂದು ಘಾಟು ವಾಸನೆ. ಪಾಶ್ಚಾತ್ಯರು ಅದಕ್ಕೆ ‘ನರಿ ವಾಸನೆ’ ಎಂದು ಹೆಸರಿಟ್ಟರು. ನರಿಯ ವಾಸನೆ ನನಗೆ ಗೊತ್ತಿಲ್ಲ, ಆದರೆ ಈ ಹಣ್ಣಿನ ವಾಸನೆ ನಿಮಗೆಲ್ಲ ಗೊತ್ತು. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬಾಯಿಗೆ ಹಾಕಿ ಒತ್ತಿದಾಗ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರಿ ಮೂಗಿಗೆ ಏರುವ ಪರಿಮಳ ಅದೇ. ನಮಗೆ ಅದು ಹಿತ. ಜ್ಯೂಸಿಗೂ ಜಾಮಿಗೂ ಸೊಗಸು. ಫ್ರೆಂಚರಿಗೆ ಮಾತ್ರ ವೈನಿನಲ್ಲಿ ಅದು ಸಹಿಸದು.

ಆದ್ದರಿಂದ ತಳಿಗಾರನ ಕೆಲಸ ಇಷ್ಟು: ಕಾಡುಬಳ್ಳಿಯ ಗಟ್ಟಿತನವನ್ನು ತೆಗೆದುಕೊಂಡು ವಾಸನೆಯನ್ನು ಬಿಟ್ಟುಬರುವುದು. ಹೇಳಲು ಒಂದು ವಾಕ್ಯ; ಮಾಡಲು ಒಂದು ಆಯುಷ್ಯ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲ್ಮರ್ ಸ್ವೆನ್ಸನ್ ಎಂಬ ರೈತ 1943ರಲ್ಲಿ ತನ್ನ ಹೊಲದಲ್ಲಿ ಇಂಥ ಅಡ್ಡತಳಿ ಮಾಡಲು ಶುರುಮಾಡಿದ. 2004ರಲ್ಲಿ ಸಾಯುವವರೆಗೂ ಅವನಿಗೆ ಅದೇ ಗೀಳು. ನೆರೆಯ ಮಿನೆಸೋಟಾ ವಿಶ್ವವಿದ್ಯಾಲಯ ಅದೇ ಹಾದಿಯಲ್ಲಿ ನಡೆದು 1996ರಲ್ಲಿ ಫ್ರಾಂಟೆನಾಕ್, 2006ರಲ್ಲಿ ಮಾರ್ಕೆಟ್ ಎಂಬ ತಳಿಗಳನ್ನು ಹೊರತಂದಿತು. ಹಿಂದೆ ಚಳಿಗಾಲಕ್ಕೆ ಬಳ್ಳಿಯನ್ನು ಮಣ್ಣಿನಲ್ಲಿ ಹೂಳಿ ಕಾಪಾಡಬೇಕಾಗಿದ್ದ ನಾಡಿನಲ್ಲಿ ಇಂದು ವೈನ್ ತಯಾರಿಕೆ ಒಂದು ಉದ್ಯಮವಾಗಿದೆ.

ಬೂಜು ರೋಗ ಯುರೋಪಿಗೆ ಬಂದ ಕಥೆ ಸ್ವಾರಸ್ಯವಾದದ್ದು. 1860ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರುಹುಳ ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ನುಂಗತೊಡಗಿತು. ಅದನ್ನು ತಡೆಯಬಲ್ಲ ಬೇರು ಅಮೆರಿಕದ ಬಳ್ಳಿಗೆ ಮಾತ್ರ ಇತ್ತು. ಸರಿ, ಹಡಗುಗಟ್ಟಲೆ ಅಮೆರಿಕದ ಬಳ್ಳಿ ತರಿಸಿದರು. ಅದರ ಜೊತೆಗೇ ಬೂಜು ರೋಗವೂ ಬಂದು 1878ರಲ್ಲಿ ಕಾಣಿಸಿಕೊಂಡಿತು. ಬೋರ್ಡೋ ಸೀಮೆಯ ಪ್ರಾಧ್ಯಾಪಕ ಮಿಲಾರ್ಡೆ ಒಂದು ಸಂಗತಿ ಗಮನಿಸಿದ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರು. ಆ ಬಳ್ಳಿಗಳ ಎಲೆ ಮಾತ್ರ ಹಸಿರಾಗಿದ್ದವು. 1885ರಲ್ಲಿ ಅವನು ಪ್ರಕಟಿಸಿದ ಆ ಮಿಶ್ರಣವೇ ಬೋರ್ಡೋ ದ್ರಾವಣ. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವುದೂ ಇದನ್ನೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಗೆ ಒಗ್ಗಿಸಿದವರು. ಫ್ರಾನ್ಸಿನ ದ್ರಾಕ್ಷಿಗಳ್ಳರ ಮೇಲಿನ ಸಿಟ್ಟು ಶಿರಸಿ-ಸಾಗರದ ಅಡಿಕೆಯನ್ನು ಉಳಿಸಿತೆಂದರೆ ಅತಿಶಯೋಕ್ತಿಯಾಗದು.

ಆದರೆ ಔಷಧಿ ಸಿಕ್ಕಿದ್ದೇ ತಳಿಗೆ ಶತ್ರುವಾಯಿತು. ಸಿಂಪಡಿಸಿ ಉಳಿಸಬಹುದಾದ ಮೇಲೆ ಹೊಸ ತಳಿ ಯಾಕೆ? ಅಡ್ಡತಳಿಗಳ ವೈನ್ ಕೀಳೆಂದು ಫ್ರಾನ್ಸ್ 1934ರಲ್ಲಿ ಆರು ತಳಿಗಳನ್ನೇ ನಿಷೇಧಿಸಿತು. ಅವುಗಳಲ್ಲಿ ಒಂದರ ಹೆಸರು ಇಸಾಬೆಲ್ಲಾ. ನಮ್ಮ ಬೆಂಗಳೂರು ನೀಲಿಯನ್ನು ತಜ್ಞರು ಗುರುತಿಸುವುದು ಇಸಾಬೆಲ್ಲಾ ಎಂದೇ! ಲಬ್ರುಸ್ಕಾ ಮತ್ತು ವಿನಿಫೆರಾಗಳ ಈ ಕೂಸು ಫ್ರಾನ್ಸಿನಲ್ಲಿ ಬಹಿಷ್ಕೃತ, ಬೆಂಗಳೂರು ಸುತ್ತಮುತ್ತ ಭೌಗೋಳಿಕ ಸೂಚಿಕೆಯ ಮಾನ ಪಡೆದ ಹಣ್ಣು. ಹೊರದೇಶದವರು ಈಗ ಕೋಟಿಗಟ್ಟಲೆ ಸುರಿದು ಹುಡುಕುತ್ತಿರುವ ಬಗೆಯ ಬಳ್ಳಿಯೊಂದು ಹಲವು ತಲೆಮಾರುಗಳಿಂದ ನಮ್ಮ ಹಿತ್ತಲಲ್ಲಿದೆ. ನಾವು ಅದನ್ನು ಅಗ್ಗದ ಹಣ್ಣೆಂದು ಕಡೆಗಣಿಸಿದ್ದೇವೆ.

ಇನ್ನು ನಮ್ಮ ಸೀಮೆಯ ಸಂಗತಿಗೆ ಬರೋಣ. ವಿಜಯಪುರದಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್-ಜನವರಿಯ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಇಳಿದಾಗ ಕಾಯಿ ಬೆಳೆಯುವುದು ನಿಧಾನವಾಗಬಹುದು, ಬಳ್ಳಿ ಸಾಯುವ ಪ್ರಶ್ನೆಯಿಲ್ಲ. ಅಲ್ಲಿಯವರಿಗೆ ಚಳಿಯ ಸ್ಥಾನದಲ್ಲಿ ಕೂತಿರುವುದು ಮಳೆ. ಇದಕ್ಕೆ ಕಾರಣ ಚಾಟ್ನಿಯ ಲೆಕ್ಕ. ಚಳಿದೇಶದಲ್ಲಿ ಬಳ್ಳಿ ಹಿಮಗಾಲದಲ್ಲಿ ಮಲಗಿ ವಸಂತದಲ್ಲಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ರೈತ ಏಪ್ರಿಲಿನಲ್ಲಿ ಒಮ್ಮೆ ಕತ್ತರಿಸಿ ಕಡ್ಡಿ ಬೆಳೆಸುತ್ತಾನೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಕತ್ತರಿಸಿ ಹೂ ಬರಿಸುತ್ತಾನೆ. ಎರಡು ಚಾಟ್ನಿ, ಒಂದು ಬೆಳೆ. ಅಕ್ಟೋಬರ್ ಚಾಟ್ನಿಯ ನಂತರ ಎಳೆ ಚಿಗುರು, ಎಳೆ ಗೊಂಚಲು ಹೊರಬರುವ ವಾರಗಳಲ್ಲೇ ಹಿಂಗಾರಿ ಮೋಡ ಕವಿಯುತ್ತದೆ. ಎಲೆಯ ಕೆಳಮೈಯಲ್ಲಿ ನೀರಿನ ತೆಳುಪೊರೆ ನಿಂತರೆ ಸಾಕು, ಬೂಜಿನ ಕಣಗಳು ಅದರಲ್ಲಿ ಈಜಿಕೊಂಡು ಎಲೆಯ ರಂಧ್ರದೊಳಗೆ ನುಗ್ಗುತ್ತವೆ. ಇಂಗ್ಲಿಷಿನ ‘ಡೌನಿ’ ರೈತರ ಬಾಯಲ್ಲಿ ‘ದಾವಣಿ’ಯಾಗಿದೆ. ದಾವಣಿ ಗೊಂಚಲಿಗೆ ಹತ್ತಿದರೆ ವರ್ಷದ ಬೆಳೆಯೇ ಹೋಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಸರಿಯಾಗಿ ಈ ಚಾಟ್ನಿಯ ಹಂಗಾಮಿನಲ್ಲೇ.

ಮಳೆ ಬಂದರೆ ಎಣ್ಣೆ ಹೊಡೆಯಬೇಕು. ನಮ್ಮ ಕಡೆ ಔಷಧಿಗೂ ಎಣ್ಣೆಯೆಂದೇ ಹೆಸರು. ಹೊಡೆದ ಮೇಲೆ ಮತ್ತೆ ಮಳೆ ಬಂದು ತೊಳೆದುಹೋದರೆ ಮತ್ತೆ ಹೊಡೆಯಬೇಕು. ಸಾಲ ಹಣ್ಣಾಗುವ ಮೊದಲೇ ಹಣ್ಣಾಗುವ ಬೆಳೆ ಬೇಕಾದವರು ಬೇರೆ ದಾರಿ ಕಾಣದೆ ಹೊಡೆಯುತ್ತಾರೆ. ಇದು ನಮ್ಮವರ ತಪ್ಪೆಂದು ತಿಳಿಯಬೇಡಿ. ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟಗಳು ಸಾಗುವಳಿ ಭೂಮಿಯ ನೂರಕ್ಕೆ 3-4 ಪಾಲು ಮಾತ್ರ. ಆ ದೇಶದ ಕೀಟ-ರೋಗನಾಶಕಗಳ ಐದನೇ ಒಂದು ಪಾಲು ಅಲ್ಲೇ ಖರ್ಚಾಗುತ್ತದೆಂದು ಲೆಕ್ಕ.

ನಮ್ಮ ದ್ರಾಕ್ಷಿ ಪಡಗಳಲ್ಲಿ ಅಮೆರಿಕದ ಬಳ್ಳಿ ಈಗಾಗಲೇ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಉಪ್ಪು ನೀರು, ಬರ ತಡೆಯಲೆಂದು ಡಾಗ್‌ರಿಜ್ ಎಂಬ ಬೇರುಗಿಡ ನೆಟ್ಟು, ಅದರ ಮೇಲೆ ಥಾಮ್ಸನ್ ಅಥವಾ ಅದರ ಪೀಳಿಗೆಯ ಸೋನಾಕಾ, ಮಾಣಿಕ್ ಚಮನ್ ಕಸಿ ಕಟ್ಟುತ್ತಾರೆ. ಡಾಗ್‌ರಿಜ್ ಎಂಬುದು ಟೆಕ್ಸಾಸಿನ ಒಂದು ದಿಣ್ಣೆಯ ಹೆಸರು. ಅಲ್ಲಿನ ಕಾಡುಬಳ್ಳಿ ತಿಕೋಟಾದ ಮಣ್ಣಿನಲ್ಲಿ ಬೇರುಬಿಟ್ಟಿದೆ. ಆದರೆ ಕಸಿಯ ಬೇರು ಎಲೆಯ ರೋಗ ತಡೆಯಲಾರದು. ಕಸಿಯಲ್ಲಿ ಎರಡು ಮೈ ಒಂದಕ್ಕೊಂದು ಅಂಟಿರುತ್ತವೆ; ಗುಣಗಳು ಒಂದೇ ಮೈಯಲ್ಲಿ ಬೆರೆಯಬೇಕಾದರೆ ಹೂವಿನಲ್ಲೇ ಸಂಕರವಾಗಬೇಕು.

ಈಗ ಧಾರವಾಡದ ಮಾತು. ಬೇರೆ ಬೇರೆ ಜಾತಿಗಳ ನಡುವೆ ಮದುವೆ ಮಾಡಿಸಿ ಹೊಲದಲ್ಲಿ ಗೆಲ್ಲಿಸಿ ತೋರಿಸಿದ ಊರು ಇದು. ಡಾ. ಬಿ.ಎಚ್. ಕಟರ್ಕಿ ಅವರು ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಅಮೆರಿಕದ ಜಾತಿಯ ಲಕ್ಷ್ಮಿ ಹತ್ತಿಯನ್ನು ಈಜಿಪ್ಟ್ ಬಗೆಯ ಉದ್ದೆಳೆಯ ಹತ್ತಿಯೊಡನೆ ಸಂಕರಿಸಿ 1972ರಲ್ಲಿ ‘ವರಲಕ್ಷ್ಮಿ’ ಕೊಟ್ಟರು. 1981ರಲ್ಲಿ ಡಿ.ಸಿ.ಎಚ್-32 ಬಂತು, ರೈತರು ಅದನ್ನು ಜಯಲಕ್ಷ್ಮಿ ಎಂದು ಬಲ್ಲರು. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ ಕೇಸರ ತೆಗೆದು ಮರುದಿನ ಪರಾಗ ಸವರುವುದನ್ನು ನೋಡಿದವರಿಗೆ ದ್ರಾಕ್ಷಿಯ ಸಂಕರ ಅರ್ಥವಾದಂತೆಯೇ. ದ್ರಾಕ್ಷಿಯ ಹೂವು ಮಾತ್ರ ಸಾಸಿವೆಯಷ್ಟು. ಅದರ ತಲೆಯ ಮೇಲೊಂದು ಟೊಪ್ಪಿಗೆ. ಅದು ತಾನಾಗಿ ಉದುರುವ ಮೊದಲೇ ಚಿಮಟದಿಂದ ಟೊಪ್ಪಿಗೆ, ಕೇಸರ ಎರಡನ್ನೂ ತೆಗೆಯಬೇಕು, ಕಾಗದದ ಚೀಲ ಕಟ್ಟಬೇಕು, ಪರಾಗ ಹಾಕಿ ಮತ್ತೆ ಕಟ್ಟಬೇಕು. ಬಂದ ಬೀಜವನ್ನು ತಿಂಗಳುಗಟ್ಟಲೆ ತಂಪಿನಲ್ಲಿಟ್ಟು ಬಿತ್ತಬೇಕು. ಹಣ್ಣು ಕಾಣಲು ಮೂರ್ನಾಲ್ಕು ವರ್ಷ. ಒಂದೊಂದು ಸಸಿಯೂ ಬೇರೆ ಬೇರೆ. ಸಾವಿರ ಸಸಿಯಲ್ಲಿ ಒಂದೋ ಎರಡೋ ಉಳಿಯುತ್ತವೆ. ವೈನಿನದಾದರೆ ಅದರಿಂದ ಸ್ವಲ್ಪ ಸ್ವಲ್ಪ ವೈನ್ ಮಾಡಿ ಹಲವು ವರ್ಷ ರುಚಿ ನೋಡಬೇಕು. ಹತ್ತಿಯ ಸಂಕರವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ದ್ರಾಕ್ಷಿಯಲ್ಲಿ ಒಮ್ಮೆ ಗೆದ್ದ ಬಳ್ಳಿಯ ಕಡ್ಡಿ ನೆಟ್ಟರಾಯಿತು.

ಈ ಕೆಲಸ ನಮ್ಮ ರಾಜ್ಯದಲ್ಲಿ ಆಗಿಲ್ಲವೆಂದಲ್ಲ. ಅರ್ಕಾವತಿ ನದಿಯ ಪಕ್ಕದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆಲ್ಲ ನದಿಯ ಹೆಸರನ್ನೇ ಮುಡಿಸಿದೆ. ಬೆಂಗಳೂರು ನೀಲಿಯನ್ನು ಬ್ಲ್ಯಾಕ್ ಚಂಪಾದೊಡನೆ ಸಂಕರಿಸಿ ಅರ್ಕಾ ಶ್ಯಾಮ್, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್‌ನೊಡನೆ ಸಂಕರಿಸಿ ಅರ್ಕಾ ತೃಷ್ಣಾ, ಅನಾಬ್-ಎ-ಶಾಹಿಯೊಡನೆ ಸಂಕರಿಸಿ ಅರ್ಕಾ ಹಂಸ ಬಂದವು. ಇವು ವೈನಿಗೆ ಆಗುವಂಥವು, ರೋಗವನ್ನೂ ಒಂದಿಷ್ಟು ತಾಳುವಂಥವು. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಲಬ್ರುಸ್ಕಾ ರಕ್ತದ ಕಟಾವ್ಬಾವನ್ನು ಬ್ಯೂಟಿ ಸೀಡ್‌ಲೆಸ್ ಜೊತೆ ಸೇರಿಸಿ ಎ.ಆರ್.ಐ-516 ಎಂಬ ತಳಿ ಮಾಡಿದೆ. ಶಿಲೀಂಧ್ರ ರೋಗ ತಡೆಯುತ್ತದೆ, 110-120 ದಿನಕ್ಕೆ ಹಣ್ಣಾಗುತ್ತದೆ, ಜ್ಯೂಸ್, ವೈನ್ ಎರಡಕ್ಕೂ ಸಲ್ಲುತ್ತದೆ.

ಆದರೂ ಪಡಗಳಲ್ಲಿ ಥಾಮ್ಸನ್ ವಂಶದ್ದೇ ರಾಜ್ಯ. ರೈತರನ್ನು ಇದಕ್ಕೆ ದೂರುವುದು ನನಗೆ ಸರಿಕಾಣದು. ಹುಬ್ಬಳ್ಳಿ ಪೇಟೆಯಲ್ಲಿ ನಾವು ಕೇಳುವುದು ಬೀಜವಿಲ್ಲದ, ಕಟುಂ ಎನ್ನುವ ಹಸಿರು ದ್ರಾಕ್ಷಿ. ಮಣೂಕದ ವ್ಯಾಪಾರಿ ಕೇಳುವುದೂ ಅದನ್ನೇ. ವೈನ್ ಕಾರ್ಖಾನೆಗಳಿಗೆ ಸೀಸೆಯ ಮೇಲೆ ಫ್ರೆಂಚ್ ಹೆಸರು ಬೇಕು. 1980ರ ದಶಕದಲ್ಲಿ ನಂದಿಬೆಟ್ಟದ ಬುಡದಲ್ಲಿ ತೋಟ ಎಬ್ಬಿಸಿದವರೂ ಫ್ರಾನ್ಸಿನ ತಳಿಗಳನ್ನೇ ನೆಟ್ಟರು. ಹೀಗಿರುವಾಗ ‘ಅರ್ಕಾ ತೃಷ್ಣಾ’ ಎಂದು ಬರೆದ ಸೀಸೆಯನ್ನು ಯಾರು ಕೊಳ್ಳುತ್ತಾರೆ? ತಳಿಯನ್ನು ಸಂಸ್ಥೆ ಹುಟ್ಟಿಸಬಹುದು, ಅದಕ್ಕೆ ಗಿರಾಕಿ ಹುಟ್ಟಿಸುವ ಕೆಲಸಕ್ಕೆ ಯಾರೂ ಕೈಹಚ್ಚಲಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪಲೇಬೇಕೆಂದಿಲ್ಲ.

ಮಿನೆಸೋಟಾದ ಮಾರ್ಕೆಟ್ ತಳಿಯನ್ನು ತಂದು ನೆಟ್ಟರಾಗದೇ ಎಂದು ಕೇಳಬಹುದು. ಅದು ದೀರ್ಘ ಚಳಿನಿದ್ದೆಗೆ ಒಗ್ಗಿದ ಬಳ್ಳಿ. ಥಾಮ್ಸನ್‌ಗೇ ಅಕ್ಟೋಬರ್ ಚಾಟ್ನಿಯ ನಂತರ ಕಣ್ಣು ಒಡೆಯಲು ರಾಸಾಯನಿಕ ಸವರಬೇಕಾದ ನೆಲದಲ್ಲಿ ಅದು ಹೇಗೆ ಎದ್ದೀತು? ನಮಗೆ ಬೇಕಾದದ್ದು ಆ ಬಳ್ಳಿಯಲ್ಲ, ಅದರೊಳಗಿನ ರೋಗ ತಡೆಯುವ ಗುಣ. ಅದಕ್ಕೀಗ ಹೊಸ ಸಲಕರಣೆ ಬಂದಿದೆ. ಸಸಿಯ ಒಂದು ಎಲೆ ಚೂರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ರೋಗ ತಡೆಯುವ ಜೀನು ಅದರಲ್ಲಿದೆಯೇ ಎಂದು ಹಣ್ಣು ಬರುವ ಮೊದಲೇ ತಿಳಿಯುತ್ತದೆ. ಒಂದೇ ಜೀನನ್ನು ನೆಚ್ಚಿದರೆ ಅಪಾಯ. ಯುರೋಪಿನಲ್ಲಿ ಬಿಯಾಂಕಾ ಎಂಬ ತಳಿಯ ತಡೆಯನ್ನು ಬೂಜಿನ ಹೊಸ ಬಗೆಯೊಂದು ಮುರಿದಿದೆ. ಹಾಗಾಗಿ ಫ್ರೆಂಚರು ಒಂದು ಬಾಗಿಲಿಗೆ ಎರಡು ಬೀಗ ಹಾಕುವಂತೆ ಬೇರೆ ಬೇರೆ ಕಾಡುಬಳ್ಳಿಗಳ ಜೀನುಗಳನ್ನು ಒಂದರಲ್ಲೇ ಕೂಡಿಸಿ ಆರ್ಟಬಾನ್, ವಿಡೋಕ್ ಮೊದಲಾದ ನಾಲ್ಕು ತಳಿಗಳನ್ನು 2018ರಲ್ಲಿ ನೋಂದಾಯಿಸಿದರು. 1934ರಲ್ಲಿ ಅಡ್ಡತಳಿಯನ್ನು ಹೊರಹಾಕಿದ್ದ ದೇಶವೇ ಇದು! ಯುರೋಪ್ ಒಕ್ಕೂಟ 2021ರಲ್ಲಿ ಕಾನೂನು ತಿದ್ದಿ, ಪ್ರದೇಶದ ಹೆಸರು ಹೊತ್ತ ಉತ್ತಮ ದರ್ಜೆಯ ವೈನಿಗೂ ಇಂಥ ತಳಿಗಳನ್ನು ಬಳಸಬಹುದೆಂದಿತು. ಇಸಾಬೆಲ್ಲಾ ಸೇರಿ ಹಳೆಯ ಆರರ ಮೇಲಿನ ನಿಷೇಧ ಮಾತ್ರ ಹಾಗೇ ಉಳಿಯಿತು.

ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಇಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಹೆಸರಘಟ್ಟದಲ್ಲಿ ತಾಯಿಬಳ್ಳಿಗಳಿವೆ. ಅಕ್ಟೋಬರ್ ಮಳೆಯನ್ನೇ ಪರೀಕ್ಷೆಯ ಕೊಠಡಿಯಾಗಿಟ್ಟುಕೊಂಡು ತಿಕೋಟಾ, ಬಬಲೇಶ್ವರದ ಪಡಗಳಲ್ಲೇ ಸಸಿಗಳನ್ನು ಸೋಸಬೇಕು. ಔಷಧಿ ಹೊಡೆಯದೆ ನಿಂತದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೀಳಬೇಕು. ವೈನಿಗೆ ಮೊದಲು ಅಂಥ ಬಳ್ಳಿ ಸಿಗುವುದು ಸುಲಭ, ಯಾಕೆಂದರೆ ವೈನ್ ದ್ರಾಕ್ಷಿಗೆ ಬೀಜವಿದ್ದರೂ ನಡೆಯುತ್ತದೆ, ಕಾಯಿ ಸಣ್ಣದಿದ್ದರೂ ನಡೆಯುತ್ತದೆ. ಮಣೂಕದ ತಳಿಗೆ ಇನ್ನೂ ಕೆಲವು ತಲೆಮಾರಿನ ಸಂಕರ ಬೇಕಾದೀತು.

ನನ್ನ ಮಾತು ಇಷ್ಟು. ಸಭೆಯಲ್ಲಿ ವಿಜಯಪುರದ ಕಡೆಯಿಂದ ಬಂದ ಬೆಳೆಗಾರರೂ ಇದ್ದೀರಿ ಎಂದು ಕೇಳಿದೆ. ಚಾಟ್ನಿಯ ವಿಷಯದಲ್ಲಿ ನನಗಿಂತ ನಿಮಗೇ ಹೆಚ್ಚು ಗೊತ್ತು. ಈಗ ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.