ಮನೆ ಕೊಳ್ಳುವ ಮುಂಚೆ ವಕೀಲರನ್ನು ಕಾಣಿರಿ
(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ವೇದಿಕೆಯೆಂದರೆ ಬೀಜ, ಗೊಬ್ಬರ, ಬೆಳೆ ಸಾಲದ ಮಾತು. ಇಪ್ಪತ್ತೈದು ವರ್ಷ ನಾವು ಅದನ್ನೇ ಆಡಿಕೊಂಡು ಬಂದಿದ್ದೇವೆ. ಇವತ್ತು ಬೇರೆ ವಿಷಯ ಹೇಳಬೇಕಾಗಿದೆ. ನಮ್ಮ ಸದಸ್ಯರ ಮಕ್ಕಳು ಈಗ ಹರಪನಹಳ್ಳಿ ಪೇಟೆಯಲ್ಲಿ, ದಾವಣಗೆರೆಯಲ್ಲಿ, ಬೆಂಗಳೂರಿನಲ್ಲಿ ಬ್ಯಾಂಕಿನ ಸಾಲ ಮಾಡಿ ಮನೆ ಕೊಳ್ಳುತ್ತಿದ್ದಾರೆ. ಸಂತೋಷದ ಮಾತು. ಆದರೆ ಮನೆ ನೋಡಲು ಹತ್ತು ಸಲ ಹೋಗುವವರು ಕಾಗದ ನೋಡಿಸಲು ಒಂದು ಸಲವೂ ಹೋಗುವುದಿಲ್ಲ. "ಬ್ಯಾಂಕಿನೋರು ನೋಡ್ತಾರ ಬಿಡ್ರಿ" ಅಂತಾರೆ. ಈ ಒಂದು ಮಾತಿನ ಬಗ್ಗೆಯೇ ನಮ್ಮ ಇಂದಿನ ಭಾಷಣ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ಪೇಟೆಯಲ್ಲಿ ಮಗನಿಗೆ ಒಂದು ಮನೆ ನೋಡಿ ಸಂಘಕ್ಕೆ ಬಂದರು. "ಮುಂಗಡ ಕೊಡಲೇನ್ರಿ, ಇಲ್ಲ ಸಾಲ ಆಗೋ ತನಕ ತಡೀಲೇನ್ರಿ?" ಎಂದು ಕೇಳಿದರು. ಮಗನಿಗೆ ಸಂಬಳದ ನೌಕರಿ ಇತ್ತು. "ಸಾಲಕ್ಕೆ ಏನೂ ತೊಂದರೆ ಇಲ್ಲ, ಕೊಡ್ರಿ" ಅಂದೆವು. ಅವರು ಎತ್ತು ಮಾರಿ, ಹೆಂಡತಿಯ ಬಳೆ ಒತ್ತೆ ಇಟ್ಟು ಮೂರು ಲಕ್ಷ ಮುಂಗಡ ಕೊಟ್ಟರು. ಆಮೇಲೆ ಕಾಗದ ಬ್ಯಾಂಕಿನ ವಕೀಲರ ಕೈಗೆ ಹೋಯಿತು. ಮಾರುವವರು ಇಬ್ಬರು ಅಣ್ಣತಮ್ಮಂದಿರು, ಮನೆ ತೀರಿಹೋದ ತಂದೆಯದು. ವಕೀಲರು ವಂಶವೃಕ್ಷ ತರಿಸಿ ನೋಡಿದರೆ, ಕೂಡ್ಲಿಗಿ ಕಡೆ ಕೊಟ್ಟ ಒಬ್ಬ ಅಕ್ಕ ಇದ್ದಾಳೆ! ಆಕೆಯ ಸಹಿ ಇಲ್ಲ. ಕೇಳಿದರೆ ಆ ತಾಯಿ, "ತವರಿನ ಮನಿ ಮಾರಾಕತ್ತಾರಂತ ನನಗ ಯಾರೂ ಹೇಳೇ ಇಲ್ಲ" ಅಂದರು. ಆಕೆಯದು ಏನೂ ತಪ್ಪಿಲ್ಲ. ತಂದೆ ಮರಣಪತ್ರ ಬರೆಯದೆ ತೀರಿಕೊಂಡರೆ ಅವರ ಸ್ವಂತ ಗಳಿಕೆಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಪಾಲಿದೆ. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ತಂದಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು.

ಸಾಲ ನಿಂತಿತು. ಮುಂಗಡ ಅಷ್ಟರಲ್ಲಿ ಮಾರುವವರ ಕೈಸಾಲಕ್ಕೆ ಹೋಗಿತ್ತು. ಎರಡು ವರ್ಷ ತಿರುಗಿದ ಮೇಲೆ ಅರ್ಧ ಬಂತು. ಉಳಿದ ಅರ್ಧ ಇನ್ನೂ ಬಂದಿಲ್ಲ. ಬ್ಯಾಂಕಿನ ವಕೀಲರು ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ತಪ್ಪಿದ್ದು ನಾವು. ವಕೀಲರು ನೋಡುವ ಮುಂಚೆ ಹಣ ಕೊಡಿಸಿದೆವು.

ಈ ಬ್ಯಾಂಕಿನ ವಕೀಲರು ಯಾರು? ಪ್ರತಿ ಬ್ಯಾಂಕೂ ತಾನು ನಂಬುವ ವಕೀಲರ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಇವರಿಗೆ ಪ್ಯಾನೆಲ್ ವಕೀಲರು ಅಂತಾರೆ. ಸಾಲದ ಅರ್ಜಿ ಬಂದಾಗ ಕಾಗದಗಳನ್ನು ಇವರಲ್ಲಿ ಒಬ್ಬರಿಗೆ ಕಳಿಸುತ್ತದೆ. ಅವರು ಹಕ್ಕು ಸರಿಯಿದೆಯೋ ಇಲ್ಲವೋ ಎಂದು ವರದಿ ಬರೆದು ಕೊಡುತ್ತಾರೆ. ಫೀ ಸಾಮಾನ್ಯವಾಗಿ ನಮ್ಮ ಜೇಬಿನಿಂದಲೇ ಹೋಗುತ್ತದೆ, ವರದಿ ಮಾತ್ರ ಬ್ಯಾಂಕಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವನು ಸಾಲ ಕೊಡುವವರ ಪಟ್ಟಿಯಲ್ಲಿರುವ ಸಾಲಿಸಿಟರನ್ನು ತಾನೇ ಆರಿಸಿಕೊಳ್ಳುತ್ತಾನೆ. ಸಾಮಾನ್ಯವಾಗಿ ಆ ಒಬ್ಬರೇ ಇಬ್ಬರ ಪರವಾಗಿಯೂ ಕಾಗದ ನೋಡುತ್ತಾರೆ. ನಮ್ಮಲ್ಲಿ ಆರಿಸುವುದು ಬ್ಯಾಂಕು. ಆದ್ದರಿಂದ ನಮ್ಮ ಪರವಾಗಿ ನೋಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲದ ಭದ್ರತೆ. ಅದು ಮನೆಯ ಪೂರ್ತಿ ಬೆಲೆ ಕೊಡುವುದೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90ರ ಮೇಲೆ, 75 ಲಕ್ಷದವರೆಗೆ ಶೇ. 80ರ ಮೇಲೆ ಕೊಡುವಂತಿಲ್ಲ. ಉಳಿದದ್ದು ನಮ್ಮ ಹಣ. ನಾಳೆ ಹಕ್ಕಿನಲ್ಲಿ ದೋಷ ಬಂದರೆ ಮೊದಲು ಮುಳುಗುವುದು ಅದೇ. ಮನೆ ಕೈಬಿಟ್ಟರೂ ಸಾಲದ ಕಂತು ಕೈಬಿಡುವುದಿಲ್ಲ.

ಬ್ಯಾಂಕಿನ ವಕೀಲರು ತಪ್ಪಿದರೆ ಅವರನ್ನೇ ಹಿಡಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹೈದರಾಬಾದಿನ ಒಂದು ಬ್ಯಾಂಕಿನಲ್ಲಿ ಸುಳ್ಳು ಕಾಗದಗಳ ಮೇಲೆ ಮನೆ ಸಾಲಗಳು ಮಂಜೂರಾದವು. ಸಿ.ಬಿ.ಐ.ನವರು ಅಭಿಪ್ರಾಯ ಕೊಟ್ಟ ಪ್ಯಾನೆಲ್ ವಕೀಲರನ್ನೂ ಆರೋಪಿ ಮಾಡಿದರು. 2012ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲಿನ ಮೊಕದ್ದಮೆಯನ್ನು ಒಪ್ಪಲಿಲ್ಲ. ವಂಚನೆಯಲ್ಲಿ ಕೈಜೋಡಿಸಿದ್ದಕ್ಕೆ ಪುರಾವೆ ಬೇಕು, ಅಭಿಪ್ರಾಯ ತಪ್ಪಿತು ಎಂಬ ಮಾತ್ರಕ್ಕೆ ವಕೀಲರು ಅಪರಾಧಿ ಆಗುವುದಿಲ್ಲ ಎಂದಿತು. ಅಂದಮೇಲೆ ಕೊಳ್ಳುವವನು ತಾನೇ ಮುಂಚೆ ಎಚ್ಚರವಾಗಿರಬೇಕು.

"ರಿಜಿಸ್ಟರ್ ಆಗೇತಲ್ರಿ" ಎಂಬ ಧೈರ್ಯವೂ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿ ಪತ್ರವನ್ನು ನೋಂದಾಯಿಸುತ್ತದೆ, ಹಕ್ಕಿಗೆ ಜಾಮೀನು ಕೊಡುವುದಿಲ್ಲ. ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸುವಾಗ 13 ವರ್ಷದ್ದು ಸಾಕು ಅಂತಾರೆ. ಸ್ವಾಧೀನಕ್ಕಾಗಿ ಖಾಸಗಿಯವರು ದಾವೆ ಹಾಕುವ ಅವಧಿ 12 ವರ್ಷ, ಸರ್ಕಾರಕ್ಕೆ 30 ವರ್ಷ. ಆದ್ದರಿಂದ 30 ವರ್ಷದ್ದನ್ನೇ ನೋಡಿಸುವುದು ಲೇಸು. ಇ.ಸಿ.ಯಲ್ಲೂ ಎಲ್ಲ ಕಾಣುವುದಿಲ್ಲ. ಮೂಲಪತ್ರ ಅಡವಿಟ್ಟು ತಂದ ಸಾಲ ನೋಂದಣಿ ಆಗದಿದ್ದರೆ ಅದರಲ್ಲಿ ಬರುವುದಿಲ್ಲ. ಅದಕ್ಕೇ ಜೆರಾಕ್ಸ್ ನಂಬದೆ ಮೂಲಪತ್ರವನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಮುಖತ್ಯಾರ ಪತ್ರದ ಮೇಲೆ ಹಣ ಕೊಟ್ಟುಬಿಟ್ಟರೆ ಮನೆ ನಮ್ಮದಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ನಮ್ಮ ತಾಲ್ಲೂಕಿನ ಕಾಗದಗಳಿಗೆ ಇನ್ನೊಂದು ತೊಡಕಿದೆ. 1953ರವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ಆಮೇಲೆ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಹೊಲವನ್ನು ನಿವೇಶನ ಮಾಡಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಿರಬೇಕು. ಆದೇಶ ಯಾವ ವರ್ಷದ್ದು, ಆಗ ಯಾವ ಜಿಲ್ಲೆ, ಕಡತ ಎಲ್ಲಿದೆ ಎಂದು ತಿಳಿದ ವಕೀಲರೇ ಇದನ್ನು ನೋಡಬೇಕು. ಇನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅದನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಅಂಥ ಹೊಲದಲ್ಲಿ ಎದ್ದ ಮನೆ ನೋಡಲು ಎಷ್ಟೇ ಚೆಂದ ಇದ್ದರೂ ಬುನಾದಿ ಇಲ್ಲದ್ದೇ.

ಹಾಗಾದರೆ ಎಂಥ ವಕೀಲರನ್ನು ಹಿಡಿಯಬೇಕು?

ಒಂದು, ಮುಂಗಡಕ್ಕಿಂತ ಮುಂಚೆಯೇ ಬ್ಯಾಂಕಿಗೆ ಹೋಗಿ ಪ್ಯಾನೆಲ್‌ನಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿ. ಅವರಲ್ಲಿ ಒಬ್ಬರ ಹತ್ತಿರ ನಾವೇ ಫೀ ಕೊಟ್ಟು ಮೊದಲು ಕಾಗದ ತೋರಿಸಿದರೆ, ಬ್ಯಾಂಕು ಯಾವ ಕಾಗದ ಕೇಳುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಮುಂಚೆಯೇ ತಿಳಿಯುತ್ತದೆ.

ಎರಡು, ಅವರು ಮಾರುವವರ ವಕೀಲರೋ, ಲೇಔಟ್ ಮಾಡಿದವರ ವಕೀಲರೋ, ದಲ್ಲಾಳಿ ಕರೆತಂದವರೋ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ. "ಎಲ್ಲಾ ಒಬ್ಬರೇ ನೋಡ್ಕೊಂತಾರ" ಎಂದು ದಲ್ಲಾಳಿ ಅಂದರೆ ಅಲ್ಲೇ ನಿಲ್ಲಿ.

ಮೂರು, ಆಸ್ತಿ ಇರುವ ಊರಿನ ಸಿವಿಲ್ ವಕೀಲರೇ ಆಗಲಿ. ದಾವಣಗೆರೆ ಮನೆಗೆ ದಾವಣಗೆರೆಯವರು, ಹರಪನಹಳ್ಳಿ ಮನೆಗೆ ಇಲ್ಲಿಯವರು.

ನಾಲ್ಕು, ಅಭಿಪ್ರಾಯ ಬಾಯಿಮಾತಿನಲ್ಲಿ ಬೇಡ. ಯಾವ ಯಾವ ಪತ್ರ ನೋಡಿದರು, ಯಾವುದು ಕೊರತೆ, ಯಾರ ಯಾರ ಸಹಿ ಬೇಕು ಎಂದು ಬರೆದು ಸಹಿ ಹಾಕಿ ನಮಗೊಂದು ಪ್ರತಿ ಕೊಡಲಿ. ಮನೆಯ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಇದೆಯೇ ಎಂದು ತಪ್ಪದೆ ಕೇಳಿ.

ಐದು, ಮುಂಗಡ ಕೊಡಲೇಬೇಕಾಗಿ ಬಂದರೆ ಕರಾರಿನಲ್ಲಿ ಒಂದು ಸಾಲು ಬರೆಸಿ: ವಕೀಲರ ಅಭಿಪ್ರಾಯ ಅನುಕೂಲವಾಗಿ ಬರದಿದ್ದರೆ ಇಂತಿಷ್ಟು ದಿನದೊಳಗೆ ಮುಂಗಡ ಪೂರ್ತಿ ವಾಪಸು. ಆ ಸಾಲಿಗೆ ಮಾರುವವರು ಒಪ್ಪದಿದ್ದರೆ ನಾವೂ ಅವಸರ ಮಾಡುವುದು ಬೇಡ.

ಫೀ ಹೆಚ್ಚಾಯಿತು ಅನ್ನುವವರು ಮನೆಯ ಬೆಲೆಯ ಪಕ್ಕಕ್ಕೆ ಇಟ್ಟು ನೋಡಲಿ. ಅಷ್ಟೂ ಅನುಕೂಲ ಇಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ.

ಬಂಧುಗಳೇ, ನಮ್ಮ ಸಂಘವೂ ಸಾಲ ಕೊಡುವ ಸಂಸ್ಥೆಯೇ. ಪಹಣಿಯ 11ನೇ ಕಾಲಮಿನಲ್ಲಿ ಸಾಲದ ಬೋಜಾ ಕಂಡರೆ ನಾವು ಹಿಂದೆ ಮುಂದೆ ನೋಡುತ್ತೇವೆ. ಸಂಘದ ಹಣಕ್ಕೆ ತೋರುವ ಆ ಜಾಗ್ರತೆಯನ್ನು ನಿಮ್ಮ ನಿಮ್ಮ ಮನೆಯ ಹಣಕ್ಕೂ ತೋರಿಸಿರಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನು ಮೇಲೆ ಯಾರಾದರೂ ಸಂಘಕ್ಕೆ ಬಂದು "ಮುಂಗಡ ಕೊಡಲೇನ್ರಿ" ಎಂದು ಕೇಳಿದರೆ ನಾವು "ವಕೀಲರು ಬರೆದುಕೊಟ್ಟ ಕಾಗದ ಎಲ್ಲಿ?" ಎಂದೇ ಕೇಳುತ್ತೇವೆ. ಆ ಸದಸ್ಯರ ಎತ್ತು, ಆ ತಾಯಿಯ ಬಳೆ ನಮಗೆ ಕಲಿಸಿದ ಪಾಠ ಇದು.