ಗಿರಣಿಯ ಮಕ್ಕಳು ಓದಬೇಕಾದ ಒಂದು ವಿದ್ಯೆ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ ಬಂದ ಮಾರನೆಯ ದಿನದಿಂದ "ಮೇಷ್ಟ್ರೇ, ಹುಡುಗನನ್ನು ಮುಂದೆ ಯಾವುದಕ್ಕೆ ಹಾಕೋಣ?" ಎಂದು ನಮ್ಮನ್ನು ಕೇಳುವವರು ಬಹಳ. ಡಾಕ್ಟರಿಕೆ, ಇಂಜಿನಿಯರಿಂಗು, ಸರ್ಕಾರಿ ನೌಕರಿ, ಈ ಮೂರರ ಆಚೆಗೆ ನಮ್ಮ ಜನರ ಲಕ್ಷ್ಯ ಹೋಗುವುದಿಲ್ಲ. ಇಂದು ನಾಲ್ಕನೆಯದೊಂದನ್ನು ಹೇಳಲು ನಿಂತಿದ್ದೇವೆ. ದುಡಿಯುವ ಜಾಗದಲ್ಲಿ ಮನುಷ್ಯನ ಕೈಕಾಲು, ಕಿವಿ, ಶ್ವಾಸಕೋಶ ಕೆಡದಂತೆ ಕಾಯುವ ವಿದ್ಯೆ ಅದು. ಅದಕ್ಕೂ ಪಾಠವಿದೆ, ಪರೀಕ್ಷೆಯಿದೆ, ಸಂಬಳದ ಹುದ್ದೆಯೂ ಇದೆ.

ಹತ್ತಿ ಗಿರಣಿಯನ್ನೇ ತೆಗೆದುಕೊಳ್ಳಿ. ಬ್ಲೋ ರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಹಲವರಿಗೆ ವಾರದ ರಜೆ ಕಳೆದು ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಮಾರನೆಯ ದಿನ ಸಡಿಲವಾಗುತ್ತದೆ. "ರಜೆಯಲ್ಲಿ ಏನು ತಿಂದೆಯೋ, ಏನು ಕುಡಿದೆಯೋ" ಎಂದು ಮನೆಯವರೂ ಗದರುತ್ತಾರೆ, ಮುಕಾದಮನೂ ಗದರುತ್ತಾನೆ. ತಿಂದದ್ದೂ ಅಲ್ಲ, ಕುಡಿದದ್ದೂ ಅಲ್ಲ. ಅದು ಹತ್ತಿಯ ಧೂಳು. ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಲ್ಲಿ ಶಿಲ್ಲಿಂಗ್ ಎಂಬ ವೈದ್ಯರು 1950ರ ದಶಕದಲ್ಲಿ ಕಾರ್ಮಿಕರನ್ನು ವಿಚಾರಿಸಿ ಇದರ ಮೆಟ್ಟಿಲುಗಳನ್ನು ಗುರುತು ಮಾಡಿದರು. ಮೊದಲು ವಾರದ ಮೊದಲ ದಿನ ಮಾತ್ರ. ಆಮೇಲೆ ವಾರದ ಉಳಿದ ದಿನಗಳಲ್ಲೂ. ಕಡೆಗೆ ಕೆಲಸ ಬಿಟ್ಟರೂ ಬಿಡದ ಉಬ್ಬಸ. ಮೊದಲ ಮೆಟ್ಟಿಲಿನಲ್ಲಿ ಹಿಡಿದು ಧೂಳಿನಿಂದ ದೂರವಿಟ್ಟರೆ ಆಳು ಉಳಿಯುತ್ತಾನೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲೂ ಇದು ಇತ್ತು. ಪಟ್ಟಿಯಲ್ಲಿದ್ದರೇನು, ಗುರುತಿಸಬಲ್ಲವನು ಖಾತೆಯಲ್ಲಿ ಇಲ್ಲದಿದ್ದರೆ?

ಈ ವಿದ್ಯೆ ಕಲಿತವನು ಮೊದಲು ಧೂಳು ಏಳುವ ಜಾಗದಲ್ಲೇ ಅದನ್ನು ಹೀರುವ ಕೊಳವೆ ಹಾಕಿಸಿರಿ ಎನ್ನುತ್ತಾನೆ. ಯಂತ್ರದ ಹಲ್ಲುಚಕ್ರಕ್ಕೆ, ಪಟ್ಟಿಗೆ ಮರೆ ಕಟ್ಟಿರಿ ಎನ್ನುತ್ತಾನೆ. ಮೂಗಿಗೆ ಮರೆ ಕಟ್ಟಿಸುವುದು ಅವನ ಶಾಸ್ತ್ರದಲ್ಲಿ ಕಟ್ಟಕಡೆಯ ಉಪಾಯ. ನಮ್ಮಲ್ಲಿ ಕಡೆಯದೇ ಮೊದಲನೆಯದಾಗಿದೆ, ಏಕೆಂದರೆ ಅದು ಅಗ್ಗ.

ಕನ್ನಡ ನಾಡಿಗೆ ಇದು ಹೊಸ ಸಂಗತಿಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ಕಲ್ಲುಧೂಳಿನ ಸಿಲಿಕೋಸಿಸ್ ತಗುಲಿದ್ದುದು ಕಂಡುಬಂತು. ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ತೂಕವನ್ನು ಬಾಯಿಪಾಠ ಹೇಳುವವರಿದ್ದಾರೆ. ಈ ಲೆಕ್ಕ ಹೇಳುವವರು ಕಡಿಮೆ.

ಕಾನೂನು ತಾನಾಗಿ ಬಂದದ್ದಲ್ಲ. ಸಾವಿರ ಜನರಿರುವ ಕಾರ್ಖಾನೆಗೆ ಸುರಕ್ಷಾಧಿಕಾರಿ ಬೇಕೆಂಬುದು 1976ರ ತಿದ್ದುಪಡಿ. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ, ಅಪಾಯಕಾರಿ ಕಾರ್ಖಾನೆಗಳಲ್ಲಿ ಆಳುಗಳೂ ಆಡಳಿತದವರೂ ಸರಿಸಮ ಕೂರುವ ಸಮಿತಿ ಕಡ್ಡಾಯವಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಂಹಿತೆಯಲ್ಲಿ ಸುರಕ್ಷಾಧಿಕಾರಿಯ ಮಿತಿ 500 ಜನಕ್ಕೆ ಇಳಿದಿದೆ. ಅಪಾಯಕಾರಿ ಕೆಲಸಕ್ಕೆ 250. ಇದು ಒಳ್ಳೆಯದೇ. ಆದರೆ ವಿದ್ಯುತ್ತಿನಿಂದ ನಡೆಯುವ ಜಾಗವನ್ನು ಕಾರ್ಖಾನೆ ಎನ್ನಲು ಮೊದಲು ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡದ್ದನ್ನು ನಾವು ಮರೆಯಲಾರೆವು.

ಓದುವುದು ಹೇಗೆ? ಹತ್ತನೆಯ ತರಗತಿಯ ಮೇಲೆ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಅನುಭವ, ಅದರ ಮೇಲೆ ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಉನ್ನತ ಡಿಪ್ಲೊಮಾ. ಮುಂಬಯಿಯ ಸಯನ್‌ನಲ್ಲಿರುವ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆ, ಎರಡೂ ಕೇಂದ್ರ ಸರ್ಕಾರದವು, ಇದನ್ನು ಕಲಿಸುತ್ತವೆ. ದಾರಿ ಉದ್ದ, ನಿಜ. ಮೂರು ತಿಂಗಳಲ್ಲಿ ಸರ್ಟಿಫಿಕೇಟು ಕೊಡುತ್ತೇವೆ ಎಂಬ ಬೋರ್ಡು ನೋಡಿ ಸಾಲ ಮಾಡಬೇಡಿ. ಆ ಕಾಗದವನ್ನು ಸರ್ಕಾರದ ಕಾರ್ಖಾನೆ ಇಲಾಖೆ ಒಪ್ಪುತ್ತದೆಯೇ ಎಂದು ಮೊದಲು ಕೇಳಿ. ಹೆಣ್ಣುಮಕ್ಕಳಿಗೂ ಇದೇ ದಾರಿ ತೆರೆದಿದೆ.

ಹಳೆಯ ನಿಯಮಗಳಲ್ಲಿ ಒಂದು ಮಾತಿತ್ತು: ಸುರಕ್ಷಾಧಿಕಾರಿಗೆ ಬಹುಪಾಲು ಕಾರ್ಮಿಕರ ಭಾಷೆ ಸಾಕಷ್ಟು ಬರಬೇಕು. ಅಪಾಯದ ಬೋರ್ಡನ್ನು ಇಂಗ್ಲಿಷಿನಲ್ಲಿ ಬರೆದು ತೂಗುಹಾಕಿದರೆ ಯಾರು ಓದುತ್ತಾರೆ? ಕಾರ್ಡಿಂಗ್ ಖಾತೆಯವನ ಮಗಳಿಗೆ ಕೆಮ್ಮಿನ ಸದ್ದು ಕೇಳಿಯೇ ಗೊತ್ತು, ಆಳಿನ ಮಾತೂ ಗೊತ್ತು. ಆದರೆ ಆ ಅಧಿಕಾರಿಗೆ ಸಂಬಳ ಕೊಡುವವನು ಮಾಲೀಕ. ಅಧಿಕಾರಿಯ ಕೆಲಸ ಸಲಹೆ ಕೊಡುವುದು, ಯಂತ್ರ ನಿಲ್ಲಿಸುವ ಆಜ್ಞೆ ಮಾಲೀಕನದೇ. ಆದ್ದರಿಂದ ಸಮಿತಿಯಲ್ಲಿ ಸಂಘದವರು ಕೂತಿರಲೇಬೇಕು. ಅವರಿಲ್ಲದೆ ನಮ್ಮ ಹುಡುಗಿಯೇ ಹುದ್ದೆಯಲ್ಲಿದ್ದರೂ ಅವಳು ಬರೆದ ವರದಿ ಕಪಾಟಿಗೆ ಹೋಗುತ್ತದೆ.

ವರ್ತಕ ಮಿತ್ರರು "ನಮಗೇನು?" ಎನ್ನಬಹುದು. ನಿಮ್ಮ ಅಂಗಡಿಗೆ ಹಮಾಲ ಹೊತ್ತು ತರುವ ಮೂಟೆಯ ತೂಕ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸಿನಂತೆ ವಯಸ್ಕ ಗಂಡಾಳಿಗೆ 55 ಕಿಲೊ ಮಿತಿ. ಅದಕ್ಕೆ ಅಧಿಕಾರಿ ಬೇಕಿಲ್ಲ, ನಿಮ್ಮ ತಕ್ಕಡಿಯೇ ಸಾಕು.

ಓದುವ ಮಕ್ಕಳಿರುವವರು ಬರುವ ಭಾನುವಾರ ಬೆಳಿಗ್ಗೆ ಅಂಕಪಟ್ಟಿ ಹಿಡಿದು ನಮ್ಮ ಕಚೇರಿಗೆ ಬನ್ನಿ. ಪಾಲಿಟೆಕ್ನಿಕ್ಕಿನ ಅರ್ಜಿಯನ್ನು ಅಲ್ಲೇ ಕೂತು ತುಂಬೋಣ.