ಮುಪ್ಪಿನ ಸ್ವಾವಲಂಬನೆಗೆ ಮೊದಲ ಕಾಸು

“ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕು” ಎಂಬ ಮಾತನ್ನು ಮನೆಯ ಹಿರಿಯರ ಬಾಯಿಂದ ಕೇಳದವರು ನಮ್ಮಲ್ಲಿ ವಿರಳ. ಆ ಮಾತಿನ ಒಳಗಿರುವುದು ಸಾವಿನ ಬಯಕೆಯಲ್ಲ. ಬಚ್ಚಲಿಗೆ ಹೋಗಲೂ ಇನ್ನೊಬ್ಬರ ತೋಳು ಬೇಕಾಗುವ ದಿನದ ಅಂಜಿಕೆ. ಮಕ್ಕಳು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಆ ಅಂಜಿಕೆ ಪೂರ್ತಿಯಾಗಿ ಹೋಗುವುದಿಲ್ಲ. ಮುಪ್ಪಿನ ವಿಚಾರ ಬಂದಾಗಲೆಲ್ಲ ಕೂಡುಕುಟುಂಬ ಒಡೆದುಹೋದದ್ದನ್ನೂ ಮಕ್ಕಳ ಕೃತಘ್ನತೆಯನ್ನೂ ಕುರಿತು ನಾವು ಬೇಕಾದಷ್ಟು ಮಾತನಾಡಿದ್ದೇವೆ. ನಾನು ಇಂದು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ, ಕೇಳುವುದಕ್ಕೆ ತುಸು ಒಣಗಿದ ಸಂಗತಿಯೂ ಹೌದು: ವೃದ್ಧರು ತಮ್ಮ ಕಾಲ ಮೇಲೆ ತಾವೇ ನಿಲ್ಲುವ ಬಗೆಯನ್ನು ಹುಡುಕುವ ಸಂಶೋಧನೆಗೆ, ಅದು ಇನ್ನೂ ಮೊಳಕೆಯಾಗಿರುವಾಗ, ಹಣ ಕೊಡುವವರು ಯಾರು?

ಸ್ವಾವಲಂಬನೆಯೆಂಬುದು ಅಳೆಯಬಹುದಾದ ವಸ್ತುವೆಂದು ವೈದ್ಯಶಾಸ್ತ್ರಕ್ಕೆ ಹೊಳೆದದ್ದೇ ತಡವಾಗಿ. 1963ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ವೈದ್ಯರಾದ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು ಒಂದು ಪುಟ್ಟ ಪಟ್ಟಿಯನ್ನು ಪ್ರಕಟಿಸಿದರು. ಸೊಂಟದ ಮೂಳೆ ಮುರಿದುಕೊಂಡು ಬಂದ ವೃದ್ಧರನ್ನು ಗಮನಿಸುತ್ತ ಅವರು ಆರಿಸಿಕೊಂಡ ಕೆಲಸಗಳು ಆರು: ಮೀಯುವುದು, ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಮೇಲಿನ ಹಿಡಿತ, ಉಣ್ಣುವುದು. ಚೇತರಿಸಿಕೊಳ್ಳುವ ವೃದ್ಧರಲ್ಲಿ ಈ ಶಕ್ತಿಗಳು ಮರಳುವ ಕ್ರಮವು ಮಗು ಇವನ್ನು ಕಲಿಯುವ ಕ್ರಮವನ್ನೇ ಹೋಲುತ್ತದೆಯೆಂಬುದನ್ನೂ ಅವರು ಗುರುತಿಸಿದರು. ‘ಮುಪ್ಪು ಎರಡನೆಯ ಬಾಲ್ಯ’ ಎಂದು ನಮ್ಮ ಅಜ್ಜಿಯರು ಆಡುತ್ತಿದ್ದ ಮಾತಿಗೆ ಹೀಗೊಂದು ಆಸ್ಪತ್ರೆಯ ಸಾಕ್ಷ್ಯ ದೊರೆಯಿತೆನ್ನಬಹುದು.

ಅಳತೆಗೋಲು ಸಿಕ್ಕಿತು, ಆದರೆ ಕಳೆದುಹೋದ ಶಕ್ತಿಯನ್ನು ಮರಳಿ ತರಬಹುದೇ? ತೊಂಬತ್ತರ ದೇಹಕ್ಕೆ ವಿಶ್ರಾಂತಿಯೇ ಮದ್ದೆಂದು ಬಹುಜನ ನಂಬಿದ್ದ ಕಾಲ ಅದು. 1990ರಲ್ಲಿ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಟರೋನ್ ಎಂಬ ವೈದ್ಯೆಯ ತಂಡ ಪ್ರಕಟಿಸಿದ ಒಂದು ಪ್ರಯೋಗದಲ್ಲಿದ್ದವರು ಹತ್ತೇ ಮಂದಿ. ಎಲ್ಲರೂ ತೊಂಬತ್ತರ ಆಸುಪಾಸಿನವರು, ಶುಶ್ರೂಷಾಗೃಹದಲ್ಲಿ ಪರರ ಆರೈಕೆಯಲ್ಲಿ ಇದ್ದವರು. ಅವರ ಕಾಲುಗಳಿಂದ ಭಾರ ಎತ್ತಿಸಿದರು, ಅದೂ ಹಗುರವಾದ ಭಾರವನ್ನಲ್ಲ. ಎಂಟು ವಾರಗಳ ಕೊನೆಗೆ ಒಂಬತ್ತು ಮಂದಿ ಉಳಿದಿದ್ದರು. ಅವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು. ಒಂದು ಹೆಜ್ಜೆಯ ಮುಂದೆಯೇ ಇನ್ನೊಂದನ್ನಿಟ್ಟು ನಡೆಯುವ ವೇಗ ನೂರಕ್ಕೆ 48ರಷ್ಟು ಏರಿತ್ತು.

ಒಂಬತ್ತು ಜನರಿಂದ ಏನು ಸಿದ್ಧವಾಗುತ್ತದೆ ಎಂದು ಯಾರಾದರೂ ಕೇಳಬಹುದು. ಕಟ್ಟುನಿಟ್ಟಾಗಿ ನೋಡಿದರೆ ಏನೂ ಸಿದ್ಧವಾಗುವುದಿಲ್ಲ. ಆದರೆ ಆ ಒಂಬತ್ತು ಜನರ ಬಳಿಕವೇ 1994ರಲ್ಲಿ ಅದೇ ತಂಡ ನೂರು ಜನರ ಪರೀಕ್ಷೆಯ ಫಲವನ್ನು ಮುಂದಿಟ್ಟಿತು. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಹಣದಿಂದ ನಡೆದ ಮತ್ತೊಂದು ಪೂರ್ವಪ್ರಯೋಗ 424 ಜನರದು. ಅದರ ಫಲ ಬಂದದ್ದು 2006ರಲ್ಲಿ. ಆ ಮೆಟ್ಟಿಲನ್ನೇರಿದ ಮೇಲೆಯೇ ‘ಲೈಫ್’ ಎಂಬ ದೊಡ್ಡ ಪರೀಕ್ಷೆಗೆ ಧೈರ್ಯ ಬಂದದ್ದು. ಎಪ್ಪತ್ತರಿಂದ ಎಂಬತ್ತೊಂಬತ್ತರ ವಯಸ್ಸಿನ 1,635 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ನಡಿಗೆ ಮತ್ತು ವ್ಯಾಯಾಮ, ಉಳಿದವರಿಗೆ ಆರೋಗ್ಯದ ಉಪನ್ಯಾಸ. ಸುಮಾರು ಎರಡೂವರೆ ವರ್ಷಗಳಲ್ಲಿ, ನಾನೂರು ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 35.5, ವ್ಯಾಯಾಮ ಮಾಡಿದವರಲ್ಲಿ 30.1 ಎಂದು 2014ರಲ್ಲಿ ಪ್ರಕಟವಾಯಿತು. (ಉಪನ್ಯಾಸ ಮಾಡುತ್ತಿರುವ ನನಗೆ ಇದು ಹಿತವಾದ ಸಮಾಚಾರವಲ್ಲ.) ಅಂತರ ಪವಾಡದ್ದಲ್ಲ. ಆದರೆ ಆ ಐದು ಮಂದಿ ತಾವೇ ಅಂಗಡಿಗೆ ಹೋಗಿಬರಬಲ್ಲವರು.

ಅಮೆರಿಕದ ಏರ್ಪಾಟಿನಲ್ಲಿ ನನಗೆ ಮೆಚ್ಚುಗೆಯಾದದ್ದು ಅಲ್ಲಿನ ಸಿರಿವಂತಿಕೆಯಲ್ಲ. ಕ್ಲಾಡ್ ಪೆಪ್ಪರ್ ಎಂಬ ಜನಪ್ರತಿನಿಧಿ 1989ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಸದಸ್ಯರಾಗಿದ್ದಾಗಲೇ ತೀರಿಕೊಂಡರು. ವೃದ್ಧರ ಹಕ್ಕುಗಳಿಗಾಗಿ ಬಹುಕಾಲ ಸೆಣಸಿದವರು. ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಲ್ಲಿ ಸ್ಥಾಪನೆಯಾದ ಕೇಂದ್ರಗಳಿಗೆ ‘ವೃದ್ಧರ ಸ್ವಾವಲಂಬನ ಕೇಂದ್ರ’ಗಳೆಂದೇ ಹೆಸರು. ಅವುಗಳ ಹಣದಲ್ಲಿ ಒಂದು ಭಾಗವನ್ನು ಇನ್ನೂ ಪ್ರಮಾಣ ದೊರೆಯದ, ಸೋಲಬಹುದಾದ ಸಣ್ಣ ಪ್ರಯೋಗಗಳಿಗೆಂದೇ ತೆಗೆದಿಡುವ ಪದ್ಧತಿಯಿದೆ. ಸೋಲಿಗೂ ಲೆಕ್ಕದಲ್ಲಿ ಒಂದು ಅಂಕಣವನ್ನು ಕಾದಿರಿಸಿದ್ದು ವಿವೇಕದ ಮಾತು.

ನಮ್ಮಲ್ಲಿ? 2017-18ರಲ್ಲಿ ನಡೆದ ರಾಷ್ಟ್ರವ್ಯಾಪಿ ವೃದ್ಧಾಪ್ಯ ಸಮೀಕ್ಷೆಯ ಮೊದಲ ಸುತ್ತು ನಲವತ್ತೈದು ದಾಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಅರವತ್ತು ಮೀರಿದವರಲ್ಲಿ ಸುಮಾರು ನಾಲ್ವರಿಗೊಬ್ಬರು ನಿತ್ಯದ ಸ್ವಂತ ಕೆಲಸಗಳಲ್ಲಿ ಒಂದಲ್ಲ ಒಂದಕ್ಕೆ ತೊಡಕುಂಟೆಂದು ಹೇಳಿದರು. 2021ರಲ್ಲಿ ಕೇಂದ್ರ ಸರ್ಕಾರ ‘ಸೇಜ್’ ಯೋಜನೆಯನ್ನು ಆರಂಭಿಸಿ, ಹಿರಿಯರಿಗಾಗಿ ಸಾಧನ ಸೇವೆಗಳನ್ನು ತರುವ ಹೊಸ ಉದ್ಯಮಗಳಿಗೆ ಒಂದು ಕೋಟಿ ರೂಪಾಯಿಯವರೆಗೆ ಪಾಲುಬಂಡವಾಳ ಕೊಡುವುದಾಗಿ ಸಾರಿತು. ಒಳ್ಳೆಯದೇ. ಆದರೆ ಅದು ವಸ್ತು ಸಿದ್ಧವಾದ ಮೇಲಿನ ಹಣ. ಯಾವ ವಸ್ತು ಬೇಕೆಂಬುದನ್ನು ಮೊದಲು ಕೇಳಿ ತಿಳಿಯಬೇಕಲ್ಲ!

ಹಾಗೆ ಕೇಳಿ ತಿಳಿದ ಉದಾಹರಣೆ ನಮ್ಮಲ್ಲೇ ಉಂಟು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ರೋಗವನ್ನು ಅಭ್ಯಸಿಸಹೊರಟ ವಿದ್ವಾಂಸರಿಗೆ, ಹೊರಗಿನ ಪ್ರಶ್ನಾವಳಿಗಳು ಓದುಬರಹವಿಲ್ಲದ ಆ ಹಿರಿಯರಿಗೆ ಸಲ್ಲುವುದಿಲ್ಲವೆಂಬುದು ಗೊತ್ತಾಯಿತು. ಬ್ಯಾಂಕಿನ ಲೆಕ್ಕವನ್ನೇ ಇಡದ ಅಜ್ಜನಿಗೆ ಲೆಕ್ಕ ತಪ್ಪುತ್ತದೆಯೇ ಎಂದು ಕೇಳಿ ಫಲವೇನು? 1999ರಲ್ಲಿ ಪ್ರಕಟವಾದ ಅವರ ಪ್ರಶ್ನಾವಳಿ ಕೇಳುವುದು ಬೇರೆ: ಹಬ್ಬಗಳು ನೆನಪಿನಲ್ಲಿವೆಯೇ, ಊರೊಳಗೆ ದಾರಿ ತಪ್ಪುತ್ತದೆಯೇ, ಮನೆಯ ಮುಖ್ಯ ವಿಷಯಗಳಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ. ಈ ಕೊನೆಯ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರ ಮುಪ್ಪನ್ನೂ ಮೆದುಳನ್ನೂ ದೀರ್ಘಕಾಲ ಗಮನಿಸುವ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಂಥ ದೊಡ್ಡ ಕೆಲಸಕ್ಕೆ ದೊಡ್ಡ ದಾನಿಗಳು ದೊರೆತಾರು. ನನ್ನ ಚಿಂತೆ ಸಣ್ಣ ಪ್ರಶ್ನೆಗಳದು. ನೆಲದ ಮೇಲೆ ಕೂತು ಉಂಡು ಏಳುವುದು, ಕುಕ್ಕುರುಗಾಲಿನಲ್ಲಿ ಕೂರುವುದು, ಎತ್ತರದ ಹೊಸ್ತಿಲು ದಾಟುವುದು, ಪಾಚಿಗಟ್ಟಿದ ಬಚ್ಚಲುಕಲ್ಲಿನ ಮೇಲೆ ಚೊಂಬೆತ್ತಿ ನೀರು ಸುರಿದುಕೊಳ್ಳುವುದು: ಇವು ಕ್ಲೀವ್‌ಲ್ಯಾಂಡಿನ ಪಟ್ಟಿಯಲ್ಲಿ ಇರಲಾರವು. ನೆಲದಿಂದೇಳುವ ರೂಢಿಯನ್ನು ಬಿಟ್ಟು ಕುರ್ಚಿಗೆ ಒಗ್ಗಿದ ಹಿರಿಯರ ಕಾಲು ಉಳಿಯುತ್ತದೆಯೋ ಬೇಗ ಸೋಲುತ್ತದೆಯೋ? ಬಚ್ಚಲಿನ ಗೋಡೆಗೆ ಒಂದು ಹಿಡಿ ಹಾಕಿಸಿದರೆ ಎಷ್ಟು ಸೊಂಟ ಉಳಿದೀತು?

ಸಣ್ಣ ಅನುದಾನಗಳು ಸರ್ಕಾರದ ಕಡೆಯಿಂದ ಇಲ್ಲವೇ ಇಲ್ಲವೆಂದಲ್ಲ. ಆದರೆ ನಮ್ಮ ಊರುಗಳಲ್ಲಿ ದಾನಕ್ಕೇನೂ ಬರವಿಲ್ಲ. ವೃದ್ಧಾಶ್ರಮಗಳಿಗೆ ಹೋಗಿ ತಲೆಯೆತ್ತಿ ನೋಡಿ, ಫ್ಯಾನಿನ ಒಂದೊಂದು ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ. ಪ್ರಶ್ನೆಗೆ ರೆಕ್ಕೆಯಿಲ್ಲದ್ದರಿಂದ ಅಲ್ಲಿ ಹೆಸರು ಬರೆಸುವಂತಿಲ್ಲ. ಬಹುಶಃ ಅದಕ್ಕೇ ಕೊಡುವವರಿಲ್ಲ. ಒಂದು ತಾಲೂಕು ಕೇಂದ್ರದಲ್ಲಿ ಎಪ್ಪತ್ತು ದಾಟಿದ ಮೂವತ್ತು ಜನ, ವಾರಕ್ಕೆ ಮೂರು ದಿನ ಬಂದು ವ್ಯಾಯಾಮ ಮಾಡಿಸುವ ಒಬ್ಬ ತರಬೇತಾದ ಹುಡುಗಿ, ಒಂದು ಜಮಖಾನೆ, ಒಂದು ಗಡಿಯಾರ, ಆರು ತಿಂಗಳು. ಮೊದಲ ದಿನ ಕೈಯೂರದೆ ನೆಲದಿಂದ ಎದ್ದವರೆಷ್ಟು, ಕೊನೆಯ ದಿನ ಎದ್ದವರೆಷ್ಟು ಎಂದು ಬರೆದಿಟ್ಟರೆ ಆಯಿತು. ಅಷ್ಟಕ್ಕೆ ತಗಲುವ ವೆಚ್ಚವನ್ನು ನಮ್ಮ ಊರಿನ ಯಾವ ಕಲ್ಯಾಣ ಮಂಟಪದ ಒಡೆಯರಾದರೂ ಕಣ್ಣುಮುಚ್ಚಿ ಕೊಡಬಲ್ಲರು.